ಮಿಸ್ತ್ರಿಯ ಕೈ, ನನ್ನ ಇಂಗ್ಲಿಷು

ಮಿಸ್ತ್ರಿಯವರ ಮುಂದಿನ ಹಲ್ಲಿನಲ್ಲಿ ಒಂದು ಗೀರು ಬಿದ್ದಿತ್ತು, ಹೊಲಿಗೆ ದಾರ ಕೂಡುವಷ್ಟು ಅಗಲದ್ದು. ರಿಪೇರಿಗೆ ಯಾವ ಯಂತ್ರ ಬಂದರೂ, ಗೋಡೆ ಗಡಿಯಾರವಿರಲಿ ಹೊಲಿಗೆ ಮಶೀನಿರಲಿ, ತೆಳ್ಳನೆಯ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಅದರ ಮೈಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕೂಡುತ್ತಿದ್ದರು. ಮೂವತ್ತು ವರ್ಷ ಹಾಗೆ ಕಚ್ಚಿ ಕಚ್ಚಿ ಹಲ್ಲು ಸವೆದಿತ್ತು. "ಕಿವಿ ಸುಳ್ಳ ಹೇಳತಾವ್ರಿ ಮಾಸ್ತರ, ಪ್ಯಾಟ್ಯಾಗಿನ ಗದ್ಲಾನೂ ಕೂಡಿಸಿ ಹೇಳತಾವ. ಹಲ್ಲು ಒಳಗ ಇದ್ದದ್ದಷ್ಟ ಹೇಳತೈತಿ," ಎನ್ನುತ್ತಿದ್ದರು.

ನಾನಾಗ ಬೈಲಹೊಂಗಲದ ಕನ್ನಡ ಸಾಲೆಯಲ್ಲಿ ಅಸಿಸ್ಟಂಟ್ ಮಾಸ್ತರ. ಇಂಗ್ಲಿಷ್ ನಾಲ್ಕನೇ ಇಯತ್ತೆ ಪಾಸಾಗಿದ್ದೆ. ಅಷ್ಟಕ್ಕೇ ಊರಲ್ಲಿ ನನಗೆ ಸಿಗುತ್ತಿದ್ದ ಮರ್ಯಾದೆ ನೆನೆದರೆ ಈಗ ಮೈಯೆಲ್ಲ ಉರಿಯುತ್ತದೆ. ತಾರು ಬಂದರೆ ನನ್ನ ಹತ್ತಿರ, ಔಷಧದ ಬಾಟಲಿಯ ಚೀಟಿ ಓದಿಸಬೇಕಾದರೆ ನನ್ನ ಹತ್ತಿರ. ತಿಳಿಯದ ಶಬ್ದ ಬಂದರೆ ಹಿಂದೆ ಮುಂದೆ ನೋಡಿ ಏನೋ ಒಂದು ಹೇಳಿಬಿಡುತ್ತಿದ್ದೆ. ತಪ್ಪು ಎನ್ನಲು ಯಾರಿದ್ದರು?

ಮಿಸ್ತ್ರಿಯವರಿಗೆ ಅಕ್ಷರ ಬರುತ್ತಿರಲಿಲ್ಲ. ಬೀಗ, ಬಂದೂಕು, ಟಾಂಗಾದ ಅಚ್ಚು, ತಕ್ಕಡಿ, ಎಲ್ಲಕ್ಕೂ ಅವರೇ. ಕೆಲಸ ಹಿಡಿಯುವ ಮೊದಲು ಬೂದಿಯಿಂದ ಕೈ ತಿಕ್ಕಿ ತೊಳೆಯುತ್ತಿದ್ದರು. ಮುಗಿದ ಮೇಲೆ ತೊಳೆಯುವವರನ್ನು ಎಲ್ಲಾ ಕಡೆ ಕಂಡಿದ್ದೇನೆ, ಮೊದಲೇ ತೊಳೆಯುವವರನ್ನು ಅವರೊಬ್ಬರನ್ನೇ ಕಂಡದ್ದು. ರಿಪೇರಿಯಾದ ಬೀಗವನ್ನು ಮೂರು ಸಲ ಹಾಕಿ ಮೂರು ಸಲ ತೆಗೆದು, "ತಗೋರಿ, ಇನ್ನ ಕಳ್ಳಗ ತ್ರಾಸ ಆತು" ಎಂದು ನಗುತ್ತ ಕೊಡುತ್ತಿದ್ದರು. ಕೆಲಸ ಆಗುವುದಿಲ್ಲ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. "ನೋಡೂಣ್ರಿ" ಎಂಬುದೇ ಅವರ ದೊಡ್ಡ ಮಾತು.

ಮೊದಲನೇ ದೊಡ್ಡ ಯುದ್ಧ ನಡೆದಿದ್ದ ಕಾಲ. ನಮ್ಮೂರಿನ ಅರಳೆ ವ್ಯಾಪಾರದ ಸಾವಕಾರರು ಬೆಳಗಾವಿ ಕ್ಯಾಂಪಿನ ಲಿಲಾವಿನಲ್ಲಿ ಸವಾಲು ಕೂಗಿ ಒಂದು ಸಣ್ಣ ಇಂಜಿನ್ ಹಿಡಿದುಕೊಂಡು ಬಂದರು. ಮಲಗಿದ ಕರುವಿನಷ್ಟು ಗಾತ್ರ, ಎರಡು ಕಡೆ ಎರಡು ಗಾಲಿ, ಮೈಮೇಲೆ ಅಮೇರಿಕಾದ ಹೆಸರು. ಯಾವನೋ ದೊರೆ ತರಿಸಿದ್ದನಂತೆ. ಅವನು ಯುದ್ಧಕ್ಕೆ ಹೋದ ಮೇಲೆ ಸೋರುವ ಛಪ್ಪರದಲ್ಲಿ ಬಿದ್ದು ಜಂಗು ಹಿಡಿದಿತ್ತು. ಅದಕ್ಕೆ ಹಿಟ್ಟಿನ ಗಿರಣಿ ಜೋಡಿಸಬೇಕೆಂಬುದು ಸಾವಕಾರರ ಹಟ. ಊರಿನ ಹೆಂಗಸರೆಲ್ಲ ಬೀಸುಕಲ್ಲಿಗೇ ತೋಳು ಸವೆಸುತ್ತಿದ್ದ ದಿನಗಳು ಅವು. ಬಿಡಿ ಭಾಗ ಬೇಕೆಂದು ನಾನೇ ಮುಂಬಯಿಗೆ ಪತ್ರ ಬರೆದೆ. ಇಂಥ ಸಾಮಾನು ಹೊತ್ತು ಬರುವ ಹಡಗೇ ಈಗಿಲ್ಲ, ಯುದ್ಧ ಮುಗಿಯುವವರೆಗೆ ಕೇಳಬೇಡಿರಿ ಎಂದು ಉತ್ತರ ಬಂತು.

"ಮಿಸ್ತ್ರಿ, ನಿನ್ನಿಂದ ಆಕ್ಕೈತೇನು? ಆದ್ರ ಗಿರಣಿಗೆ ನೀನ ಮಿಸ್ತ್ರಿ," ಎಂದರು ಸಾವಕಾರರು.

ಮಿಸ್ತ್ರಿಯವರು ಗಾಲಿಯನ್ನು ಅರ್ಧ ಸುತ್ತು ತಿರುಗಿಸಿ, ಸಲಾಕೆ ಕಚ್ಚಿ ಕುಳಿತು, ಎದ್ದು ಹೇಳಿದರು: "ಸತ್ತಿಲ್ರಿ ಇದು. ನೋಡೂಣ್ರಿ."

ಇಂಜಿನ್ನಿನ ಜೊತೆ ತಗಡಿನ ಡಬ್ಬಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ಸಾಲೆ ಬಿಟ್ಟ ಮೇಲೆ ದಿನಾ ಸಂಜೆ ನಾನು ಅವರ ಅಂಗಡಿಯಲ್ಲಿ ಕುಳಿತು ಅದನ್ನು ಓದಿ ಹೇಳಬೇಕು, ಅವರು ಮಾಡಬೇಕು. ನಾಲ್ಕು ತಿಂಗಳು ನಡೆಯಿತು. ಆ ಕೈ ಮಾಡಿದ್ದನ್ನು ಕಣ್ಣಾರೆ ಕಂಡವನು ನಾನು. ಒಳಗೆ ಗಾಳಿ ಹಿಡಿದಿಡುವ ಬಳೆಗಳು, ಅಂದರೆ ರಿಂಗುಗಳು, ತುಕ್ಕು ತಿಂದು ಪುಡಿಯಾಗಿದ್ದವು. ಸುರೇಬಾನದಿಂದ ಮುರಿದ ಕಬ್ಬಿನ ಗಾಣದ ಬೀಡಿನ ಉರುಳೆ ತರಿಸಿ, ಕಾಲಲ್ಲಿ ತುಳಿಯುವ ಲೇತಿನ ಮೇಲೆ ಹೆರೆದರು. ಬೀಡು ಎಂದರೆ ಎರಕದ ಕಬ್ಬಿಣ, ಗಾಜಿನ ಹಾಗೆ ಮುರಿಯುವ ಜಾತಿ. ಹನ್ನೊಂದು ರಿಂಗು ಕೈಯಲ್ಲೇ ಮುರಿದವು. ಹನ್ನೆರಡನೆಯದು ನಿಂತಿತು, ಆಮೇಲಿನವೂ ನಿಂತವು. ಹರಿದ ಕೊಡೆಯ ಉಕ್ಕಿನ ಕಡ್ಡಿ ಕಾಸಿ ಸುತ್ತಿ ಸ್ಪ್ರಿಂಗು ಮಾಡಿದರು. ಕಿಡಿ ಹಾರುವ ಮೊನೆಗೆ ಪ್ಲಾಟಿನಂ ಬೇಕು ಎಂದು ಪುಸ್ತಕದಲ್ಲಿತ್ತು. ಅದೇನೆಂದು ನನಗೆ ಗೊತ್ತಿರಲಿಲ್ಲ. ಬೆಳ್ಳಿಯ ಜಾತಿಯದು ಎಂದುಬಿಟ್ಟೆ. ಅವರು ರಾಣಿಯ ಮುಖವಿದ್ದ ಬೆಳ್ಳಿ ರೂಪಾಯಿಯ ಅಂಚು ಅರದಿಂದ ತಿಕ್ಕಿ ಬೆಳ್ಳಿ ತೆಗೆದರು.

ನಾನು ಗಾಬರಿಯಾಗಿ, "ಮಿಸ್ತ್ರಿಯವರ, ಸರಕಾರದ ನಾಣ್ಯಾ! ಜೇಲಿಗೆ ಹಾಕ್ತಾರ," ಎಂದೆ.

"ರಾಣೀದ ಮಾರಿ ಮುಟ್ಟಿಲ್ರಿ ಮಾಸ್ತರ, ಸೆರಗಷ್ಟ ಹರದೇನಿ," ಎಂದು ನಕ್ಕರು.

ಕಿಡಿ ಹಾರಿತು. ನನ್ನ ಊಹೆ ನಡೆದುಹೋಯಿತಲ್ಲ, ಸೊಕ್ಕು ಇನ್ನಷ್ಟು ಏರಿತು.

ಕೊನೆಗೆ ಎಣ್ಣೆಯ ಪುಟ ಬಂತು. ತೊಟ್ಟಿಗೆ ಏನು ತುಂಬಬೇಕು? 'ಗ್ಯಾಸೋಲಿನ್' ಎಂದಿತ್ತು. ಆ ಶಬ್ದ ನಾನು ಹಿಂದೆಂದೂ ಕಂಡವನಲ್ಲ. ದೀಪಕ್ಕೆ ಹಾಕುವ ಸೀಮೆಎಣ್ಣೆಗೆ ನಮ್ಮ ಕಡೆ ಘಾಸಲೇಟ್ ಎನ್ನುತ್ತಾರೆ. ಗ್ಯಾಸೋಲಿನ್, ಘಾಸಲೇಟ್, ಮತ್ತೇನು ಇರಬೇಕು? ಉಸಿರು ಎಳೆದುಕೊಳ್ಳುವಷ್ಟೂ ತಡಮಾಡದೆ "ಘಾಸಲೇಟ" ಎಂದೆ.

ಮಿಸ್ತ್ರಿಯವರು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟರು. "ಅಲ್ರಿ ಮಾಸ್ತರ, ಅರಳಿ ಬಿಡಿಸೂ ಜಿನ್ನಿನ್ಯಾಗ ದೊಡ್ಡ ಯಂಜಿನ್ ಐತೆಲ್ಲಾ, ಅದಕ್ಕ ಘಾಸಲೇಟ ಹಾಕ್ತಾರ. ಆದ್ರ ಮೊದಲ ಅದರ ತಲಿ ಕೆಂಪಗ ಆಗೂ ಹಂಗ ಕಾಸ್ತಾರ. ಇದಕ್ಕ ಕಾಸೂ ಜಾಗಾನ ಇಲ್ಲ. ತಣ್ಣಗಿದ್ದ ಘಾಸಲೇಟ ಬರೇ ಕಿಡೀಗೆ ಹೆಂಗ ಹೊತ್ತೀತು? ಇದು ಬ್ಯಾರೆ ಏನೋ ಕುಡೀತೈತ್ರಿ."

ಎಷ್ಟು ಸರಿಯಾಗಿ ಹೇಳಿದ್ದರು! ಅಕ್ಷರವಿಲ್ಲದ ಮನುಷ್ಯ, ಬರಿ ಕಬ್ಬಿಣವನ್ನು ನೋಡಿ, ಸಾವಿರಾರು ಹರದಾರಿ ಆಚೆ ಕುಳಿತು ಅದನ್ನು ಮಾಡಿದವನ ಮನಸ್ಸನ್ನು ಓದಿಬಿಟ್ಟಿದ್ದರು. ನಾನು ಏನೆಂದೆ ಗೊತ್ತೇ? "ಪುಸ್ತಕದಾಗ ಛಾಪಿಸ್ಯಾರ. ಅಮೇರಿಕಾದವರು ನಿಮ್ಮನ್ನ ಕೇಳಿ ಮಾಡಬೇಕಾಗಿತ್ತೇನು?" ಎಂದೆ.

ಅವರ ಮುಖ ಸಣ್ಣಗಾಯಿತು. "ಆತ್ರಿ. ಅಕ್ಷರದ ಮುಂದ ನಂದೇನು ನಡೀತೈತಿ," ಎಂದು ಮತ್ತೆ ಅರ ಎತ್ತಿಕೊಂಡರು.

ಗಿರಣಿ ಸುರು ಮಾಡುವ ದಿನ ಸಾವಕಾರರು ತಾಲೂಕಿನ ಮಾಮಲೇದಾರರನ್ನು ಕರೆಸಿದ್ದರು. ಇಂಜಿನ್ನಿಗೆ ಹೂವಿನ ಹಾರ, ಕುಂಕುಮ, ಟೆಂಗಿನಕಾಯಿ. ಹೆಂಗಸರು ಜೋಳದ ಬುಟ್ಟಿ ಹೊತ್ತುಕೊಂಡು ಸಾಲಾಗಿ ನಿಂತಿದ್ದರು. ಮಿಸ್ತ್ರಿಯವರು ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಪಾಪ. ಬಿಸ್ಮಿಲ್ಲಾ ಎಂದು ಗಾಲಿ ತಿರುಗಿಸಿದರು. ಒಂದು ಸಲ ಗೊರ್ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದರು. ಹೊತ್ತು ನೆತ್ತಿಗೇರುವವರೆಗೆ ತಿರುಗಿಸಿದರು. ಅಂಗೈ ಚರ್ಮ ಕಿತ್ತು ಗಾಲಿಗೆ ರಕ್ತ ಹತ್ತಿತು. ಹೆಂಗಸರು ಒಬ್ಬೊಬ್ಬರೇ ಬುಟ್ಟಿ ಎತ್ತಿಕೊಂಡರು. "ಬೀಸುಕಲ್ಲು ನಮ್ಮ ಹಣ್ಯಾಗ ಬರದೈತ್ರೆವಾ, ನಡೀರಿ," ಎಂದಳು ಒಬ್ಬಾಕೆ. ಜನ ನಕ್ಕರು.

ಮಾಮಲೇದಾರರು ನನ್ನ ಕಡೆ ತಿರುಗಿ, "ಮಾಸ್ತರ, ಪುಸ್ತಕ ಸರಿಯಾಗಿ ಓದೀರೇನು?" ಎಂದು ಕೇಳಿದರು.

"ಪುಸ್ತಕದಾಗ ಏನೂ ಸಂಶಯ ಇಲ್ರಿ ಸಾಹೇಬ್ರ. ಕೈಗೆಲಸದಾಗ ಎಲ್ಲೋ ಹೆಚ್ಚುಕಡಿಮಿ ಆಗಿರಬೇಕು," ಎಂದೆ. ಮಿಸ್ತ್ರಿಯವರು ಎರಡು ಮಾರು ದೂರದಲ್ಲೇ ನಿಂತಿದ್ದರು.

"ಬೀಗದಾಂವಗ ಯಂಜಿನ್ ಕೊಟ್ಟದ್ದ ನನ್ನ ತಪ್ಪು," ಎಂದರು ಸಾವಕಾರರು, ಎಲ್ಲರ ಎದುರಿಗೆ. ಆದರೂ ದೀಪಾವಳಿಯವರೆಗೆ ನೋಡು ಎಂದು ಅವಧಿ ಕೊಟ್ಟರು.

ಅಂದಿನಿಂದ ಮಿಸ್ತ್ರಿಯವರು ಬೇರೆ ಕೆಲಸ ಮುಟ್ಟಲಿಲ್ಲ. ಸರಿಯಿದ್ದ ರಿಂಗನ್ನು ತೆಗೆದು ಹೊಸದು ಹೆರೆದರು. ಅದೂ ಸರಿಯಿತ್ತು, ಅದನ್ನೂ ತೆಗೆದರು. "ಗಾಳಿ ಹಿಡದೈತ್ರಿ ಮಾಸ್ತರ, ಗಾಲಿ ಕೈ ಒದೀತೈತಿ. ಕಿಡಿ ಬರತೈತಿ. ಮತ್ತ್ಯಾಕ ಹೊತ್ತೂದಿಲ್ಲ?" ಎಂದು ನನ್ನನ್ನೇ ಕೇಳುತ್ತಿದ್ದರು. ನನಗಾದರೂ ಏನು ಗೊತ್ತಿತ್ತು? ಆಗಿನವರೆಗೆ ಗೊತ್ತಿರಲಿಲ್ಲ ಎಂಬುದು ನಿಜ. ಅಲ್ಲಿಯವರೆಗಿನ ಪಾಪ ದಡ್ಡತನದ್ದು, ಅದನ್ನು ದೇವರು ಕ್ಷಮಿಸಿಯಾನು.

ಶ್ರಾವಣದಲ್ಲಿ ಪರೀಕ್ಷೆಯ ಕೆಲಸಕ್ಕೆ ಬೆಳಗಾವಿಗೆ ಹೋಗಿದ್ದೆ. ರಸ್ತೆಯ ಬದಿಗೆ ಒಬ್ಬ ಪಾದ್ರಿಯ ಮೋಟಾರು ನಿಂತಿತ್ತು. ಡ್ರೈವರ್ ಡಬ್ಬಿಯಿಂದ ನೀರಿನಂಥದ್ದೇನೋ ಸುರಿಯುತ್ತಿದ್ದ. ಮೂಗಿಗೆ ಹೊಡೆಯುವ ವಾಸನೆ. ಏನದು ಎಂದು ಸುಮ್ಮನೆ ಕೇಳಿದೆ.

"ಪೆಟ್ರೋಲ್ ರೀ. ನಮ್ಮ ಸಾಹೇಬ್ರು ಅಮೇರಿಕಾದವ್ರು, ಅವ್ರ ಇದಕ್ಕ ಗ್ಯಾಸೋಲಿನ್ ಅಂತಾರ."

"ಘಾಸಲೇಟ ಅಲ್ಲೇನು?"

"ಯವ್ವಾ! ಘಾಸಲೇಟ ಹಾಕಿದ್ರ ಇದು ಇದ್ದಲ್ಲಿಂದ ಅಳ್ಳಾಡೂದಿಲ್ರಿ," ಎಂದು ಆತ ನಕ್ಕ.

ಬೈಲಹೊಂಗಲಕ್ಕೆ ಬರುವ ಗಾಡಿಯಲ್ಲಿ ದಾರಿಯುದ್ದಕ್ಕೂ, ಇಳಿದವನೇ ನೆಟ್ಟಗೆ ಅಂಗಡಿಗೆ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡೇ ಬಂದೆ. ಹೋದೆ ಕೂಡ. ಇಂಜಿನ್ ಅಲ್ಲೇ ಇತ್ತು, ಮಿಸ್ತ್ರಿಯವರೂ ಅಲ್ಲೇ ಇದ್ದರು, ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಒಂದು ಡಬ್ಬಿ ಪೆಟ್ರೋಲು ತರಿಸಿದ್ದರೆ ಮುಗಿಯುತ್ತಿತ್ತು.

ನನ್ನನ್ನು ಕಂಡವರೇ ಚಾಪೆ ಹಾಸಿದರು. "ಬರ್ರಿ, ಕುಂದರ್ರಿ. ನಿಮ್ಮ ಹಾದೀನ ಕಾಯಾಕ ಹತ್ತಿದ್ದೆ. ಆ ಪುಸ್ತಕಾ ಇನ್ನೊಮ್ಮೆ ಮೊದಲಿಂದ ಓದ್ರಿ. ನನ್ನ ಕೈ ಎಲ್ಲಿ ತಪ್ಪೇತಿ ಅನ್ನೂದು ಸಿಗಬೇಕ್ರಿ. ಅದು ಸಿಗಲಿಲ್ಲಂದ್ರ ನನಗ ಅನ್ನ ಇಳ್ಯಾಂಗಿಲ್ಲ."

ಊರಲ್ಲಿ ಇಂಗ್ಲಿಷ್ ಕ್ಲಾಸು ತೆರೆಯುವವರಿದ್ದರು. ಅದಕ್ಕೆ ನನ್ನ ಹೆಸರನ್ನು ಸಾವಕಾರರೇ ಮೇಲೆ ಕಳಿಸಿದ್ದರು. ಎಣ್ಣೆಯ ಹೆಸರು ಓದಲು ಬಾರದವನು ಇಂಗ್ಲಿಷ್ ಕಲಿಸುತ್ತಾನೆಯೇ ಎಂದು ಊರೇ ನಗುವುದು ಕಣ್ಣಿಗೆ ಕಟ್ಟಿತು. ಪುಸ್ತಕ ತೆಗೆದು ಓದಿದೆ. ಮೊದಲ ಪುಟ, ಎರಡನೇ ಪುಟ, ಮೂರನೆಯದು. ಎಣ್ಣೆಯ ಪುಟ ಬಂತು. ಆ ಶಬ್ದದ ಮೇಲೆ ಬೆರಳಿಟ್ಟು, ಧ್ವನಿ ಒಂದಿಷ್ಟೂ ಅಲುಗದಂತೆ, "ಘಾಸಲೇಟ" ಎಂದೆ.

ದೀಪಾವಳಿಗೆ ಇಂಜಿನ್ ಗಾಡಿಯೇರಿ ಧಾರವಾಡಕ್ಕೆ ಹೋಯಿತು. ಯಾರೋ ಮೋಡಕಾ, ಅಂದರೆ ಗುಜರಿ ಸಾಮಾನು, ಎಂದು ಕೊಂಡರು. ತಿಂಗಳೊಳಗೆ ಸುದ್ದಿ ಬಂತು: ಅಲ್ಲಿಯವರು ಮೊದಲನೇ ಸುತ್ತಿಗೇ ಹಚ್ಚಿದರಂತೆ, ನೀರೆತ್ತುತ್ತಿದೆಯಂತೆ. ಸಾವಕಾರರು ಅಂಗಡಿಯಲ್ಲಿ ಕುಳಿತು, "ಧಾರವಾಡದ ಮಿಸ್ತ್ರಿ ಕೈ ಅಂದ್ರ ಕೈ ನೋಡ್ರಿ" ಎಂದು ಬಂದವರಿಗೆಲ್ಲ ಹೇಳಿದರು.

ಮಿಸ್ತ್ರಿಯವರು ನನ್ನನ್ನು ಸಾಲೆಯ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. "ಅವರು ಏನ ಬದಲ ಮಾಡಿದ್ರಂತ್ರಿ? ರಿಂಗೋ, ಸ್ಪ್ರಿಂಗೋ? ಒಂದು ಪತ್ರಾ ಬರದು ಕೇಳ್ರಲ್ಲ."

"ಬರೀತೇನಿ," ಎಂದೆ. ಬರೆಯಲಿಲ್ಲ.

ಆಮೇಲೆ ಅವರು ಬೀಗ ತಂದವರನ್ನೂ ಹಿಂದಕ್ಕೆ ಕಳಿಸತೊಡಗಿದರು. "ನನ್ನ ಕೈ ಮ್ಯಾಲೆ ನನಗ ಭರೋಸಾ ಇಲ್ಲಪಾ, ಬ್ಯಾರೇದವ್ರಿಗೆ ತೋರಸು" ಎನ್ನುತ್ತಿದ್ದರು. ಎರಡು ಕಾಸಿನ ಬೀಗವನ್ನು ಹಿಡಿದುಕೊಂಡು, ತೆರೆಯಲೋ ಬೇಡವೋ ಎಂದು ತಿರುವಿ ತಿರುವಿ ನೋಡುತ್ತ ಕುಳಿತದ್ದನ್ನು ನಾನು ರಸ್ತೆಯ ಆಚೆ ಬದಿಯಿಂದ ಕಂಡು ಬೇಗ ಬೇಗ ಹೋಗಿದ್ದೇನೆ. ಯುದ್ಧ ಮುಗಿಯುವ ವರ್ಷ ಊರೂರಿಗೆ ಹಬ್ಬಿದ ಆ ಕೆಟ್ಟ ಜ್ವರ ಅವರಿಗೂ ಬಂತು. ಮೂರೇ ದಿನ. ಹೋಗಿ ನೋಡಲಿಲ್ಲ, ಜ್ವರ ಹತ್ತೀತು ಎಂದು ಮನೆಯಲ್ಲಿ ನೆಪ ಹೇಳಿದೆ.

ಮಣ್ಣಾದ ಹತ್ತು ದಿನಕ್ಕೆ, ತಡೆಯಲಾರದೆ ಅವರ ಮನೆಗೆ ಹೋದೆ. ಅವರ ಹೆಂಡತಿ, ಗಂಡ ತೀರಿದ ಮೇಲೆ ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನಲ್ಲಿ ಕುಳಿತಿದ್ದರು, ಹೊರಗಿನ ಗಂಡಸರ ಮುಂದೆ ಬರುವಂತಿಲ್ಲ. ಬಾಗಿಲಿಗೆ ಪರದೆ ಕಟ್ಟಿತ್ತು. ಆ ಪರದೆಗೇ ಎಲ್ಲ ಹೇಳಿದೆ. ಶಬ್ದ ತಪ್ಪಿದ್ದು, ಬೆಳಗಾವಿಯಲ್ಲಿ ತಿಳಿದದ್ದು, ತಿಳಿದ ಮೇಲೂ ಅದನ್ನೇ ಓದಿದ್ದು. ಅವರ ಕೈ ಎಲ್ಲೂ ತಪ್ಪಿರಲಿಲ್ಲ, ಆ ಇಂಜಿನ್ನಿನಲ್ಲಿ ಇವತ್ತಿಗೂ ಓಡುತ್ತಿರುವುದು ಅವರ ರಿಂಗೇ ಎಂದೂ ಹೇಳಿದೆ. ಅಳುತ್ತಿದ್ದೆ.

ಪರದೆಯ ಆಚೆಯಿಂದ ಅವರ ಮಾತು ಬಂತು.

"ಜ್ವರದಾಗೂ ಅದನ್ನ ಕೇಳಾಕ ಹತ್ತಿದ್ರು, ಕೈ ಎಲ್ಲಿ ತಪ್ಪೇತಿ ಅಂತ. ನನಗೇನ ಗೊತ್ತಿತ್ರಿ ಹೇಳಾಕ? ಗೊತ್ತಿದ್ದಾವ್ರು ನೀವು. ಓಣಿ ದಾಟಿದ್ರ ನಿಮ್ಮ ಮನಿ. ಈಗ ಬಂದು ನನ್ನ ಮುಂದ ಇಳಿಸಿ, ಹಗರಾಗಿ ಹೋಗಬೇಕಂತ ಮಾಡೀರಿ. ನನಗ ಬ್ಯಾಡ್ರಿ ಮಾಸ್ತರ. ನಿಮ್ಮದು ನೀವ ಹೊತಗೊಂಡ ಹೋಗ್ರಿ."

ಜೋಡು ಮೆಟ್ಟಿಕೊಂಡು ಹೊರಗೆ ಬಂದೆ. ಮರುದಿನ ಇಂಗ್ಲಿಷ್ ಕ್ಲಾಸಿತ್ತು. ಹೋಗಿ ಪಾಠ ಮಾಡಿದೆ. ಮುಂದೆ ಇಪ್ಪತ್ತೆಂಟು ವರ್ಷ ಅದನ್ನೇ ಕಲಿಸಿದೆ.