ಜೀಪಿನಲ್ಲಿ ನಾಯಿಗೂ ಜಾಗ ಸಿಕ್ಕಿತು

ಕಳೆದ ಭಾನುವಾರ ಸಂಜೆ ನಮ್ಮ ಮನೆಯವರು ನನ್ನನ್ನು ಸತ್ತವರ ಬಾಯಿಗೆ ಬಿಟ್ಟು ಜೀಪು ಹತ್ತಿ ಹೋದರು.

ಗಾಬರಿ ಬೇಡ. ನಾನೂ ಇದ್ದೇನೆ, ಅವರೂ ಇದ್ದಾರೆ, ಜೀಪು ಅಂಗಳದ ಬೇವಿನ ಮರದ ಕೆಳಗೇ ನಿಂತಿದೆ. ನಡೆದದ್ದೆಲ್ಲ ಬರೀ ಬಾಯಿಮಾತಿನಲ್ಲಿ. ನೋವು ಮಾತ್ರ ನಿಜವಾಗಿಯೇ ಆಯಿತು.

ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದು ಜೊಂಬಿ ಸೀರಿಯಲ್ಲಿನ ಹುಚ್ಚು. ಸತ್ತವರು ಎದ್ದು ಬಂದು ಕಚ್ಚುತ್ತಾರೆ, ಬದುಕಿದ್ದವರು ಓಡುತ್ತಾರೆ. ಅಷ್ಟೇ ಕಥೆ. ಹಿಂದಿಗೆ ಡಬ್ ಆದ ಈ ಸೀರಿಯಲ್ಲನ್ನು ಮನೆಗೆ ತಂದವಳು ಕಾಲೇಜಿಗೆ ಹೋಗುವ ಮಗಳು ಪೂಜಾ. ಈಗ ಅವಳನ್ನೂ ಮೀರಿಸಿದ ಫ್ಯಾನ್ ನಮ್ಮ ಅತ್ತೆ. ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಕಾಲು ಚಾಚಿ ಕೂತು, ಯಾವ ಹೆಣ ಯಾವ ಬಾಗಿಲಿಂದ ಬರುತ್ತದೆ ಎಂದು ಮೊದಲೇ ಹೇಳಿಬಿಡುತ್ತಾರೆ.

ಆ ಸೀರಿಯಲ್ ಮುಗಿದು ಈಗ ಅದರದೇ ಸ್ಪಿನ್-ಆಫ್ ಶುರುವಾಗಿದೆ. ಹಳೆಯ ತಂಡದ ಇಬ್ಬರು ಗಂಡಸರು ಬೇರೊಂದು ಊರಿಗೆ ಹೋಗಿ ಅಲ್ಲಿನ ಸತ್ತವರನ್ನು ಹೊಡೆಯುತ್ತಾರೆ. ಇವರ ಗಾಯ ಹೊಲಿದು, ಸಿಕ್ಕಿದ್ದನ್ನು ಬೇಯಿಸಿ ಹಾಕಿ, ಇಷ್ಟು ವರ್ಷ ಇವರನ್ನು ಉಳಿಸಿದ ಒಬ್ಬ ನರ್ಸಮ್ಮ ಹಳೆಯದರಲ್ಲಿದ್ದಳು. ಹೊಸದರಲ್ಲಿ ಅವಳಿಲ್ಲ. ಸತ್ತಳೋ, ಇದ್ದಾಳೋ, ಒಂದು ಮಾತೂ ಇಲ್ಲ.

ಇದಕ್ಕೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಯಾರಿಗೆ ಗೊತ್ತೇ? ನಮ್ಮ ಮನೆಯವರಿಗೆ. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಜತ್ತದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ಮನುಷ್ಯ ಫ್ಯಾನ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಮರಾಠಿಯಲ್ಲಿ ಉದ್ದುದ್ದ ಬರೆದರು. ಫೈಟಿಂಗ್ ಮೊದಲಿಗಿಂತ ಭಾರಿ ಇದೆ, ಇನ್ನೇನು ಬೇಕು ಎಂದು ಒಂದು ಪಕ್ಷ. ಜೊತೆಗಿದ್ದವಳನ್ನು ಮರೆತು ಹೋದವರು ಎಂಥ ಹೀರೋಗಳು ಎಂದು ನಮ್ಮವರ ಪಕ್ಷ. ಅವತ್ತು ಜಗಳದ ಭರದಲ್ಲಿ ಊಟಕ್ಕೂ ಏಳಲಿಲ್ಲ. ತಾಟು ನಾನೇ ಒಯ್ದು ಕೈಗೆ ಕೊಟ್ಟೆ. (ಚಷ್ಮಾ ಕೂಡ. ಚಷ್ಮಾ, ರಿಮೋಟು, ಕೀಲಿ ಇವೆಲ್ಲ ಅವರ ಕಣ್ಣಿಗೆ ಬೀಳುವುದಿಲ್ಲ. ಅದೇನೋ ನನಗೆ ಮಾತ್ರ ಕಾಣುತ್ತವೆ.)

ಭಾನುವಾರದ ಎಪಿಸೋಡ್ ಮುಗಿದ ಮೇಲೆ ಪೂಜಾ ಕೇಳಿದಳು: "ಅಪ್ಪಾ, ಸತ್ತವರು ಖರೇನ ಜತ್ತಕ್ಕ ಬಂದ್ರ ಏನ್ ಮಾಡೂದು?"

ಅವರು ಉತ್ತರ ತಯಾರಿಟ್ಟುಕೊಂಡೇ ಕೂತಿದ್ದರು. "ಜೀಪ್ ತೊಗೊಂಡು ಸಂಖದ ಕಡೆ ಹೋಗೂದು. ಬಟಾಬಯಲು. ಅವರು ಬರೂದು ಹರದಾರಿ ದೂರದಿಂದನ ಕಾಣತೈತಿ."

"ಓಡೂದರ ಯಾಕೋ ತಮ್ಮಾ?" ಎಂದರು ಅತ್ತೆ. "ನಮ್ಮ ಬಿಸಲಿಗೆ ದ್ರಾಕ್ಷಿ ಒಣಗಿ ಮನೂಕ ಆಗತಾವು. ಬ್ಯಾಸಗಿತನಕ ಬಾಗಲಾ ಹಾಕ್ಕೊಂಡು ಕುಂತ್ರ ಅವೂ ಒಣಗತಾವು."

ಇಂಥ ಐಡಿಯಾ ಆ ಸೀರಿಯಲ್ ಬರೆದವರಿಗೆ ಹೊಳೆದಿದೆಯೇ? ಆದರೆ ಮಗ ಕೇಳಬೇಕಲ್ಲ. ಅವರು ಆಗಲೇ ಊಟದ ಮಾತಿಗೆ ಬಂದಿದ್ದರು. "ಖಡಕ್ ರೊಟ್ಟಿ, ಶೇಂಗಾ ಹಿಂಡಿ. ತಿಂಗಳಗಟ್ಟಲೆ ಕೆಡಂಗಿಲ್ಲ." ಅಡುಗೆಮನೆಯಲ್ಲಿ ಚುರಮುರಿ ಕಲಸುತ್ತಿದ್ದ ನನಗೆ ಹಿಗ್ಗಾಯಿತು. ಅಂತೂ ನನ್ನ ರೊಟ್ಟಿಯ ಬೆಲೆ ಗೊತ್ತಿದೆ.

ಆಗ ಪೂಜಾ ಒಂದು ಷರತ್ತು ಹಾಕಿದಳು. ಜೀಪಿನಲ್ಲಿ ಆರೇ ಸೀಟು, ಯಾರನ್ನು ಕರೆದೊಯ್ಯುತ್ತೀಯ? (ನಮ್ಮ ಕಡೆ ಜೀಪಿನಲ್ಲಿ ಬರೀ ಆರು ಜನ ಕೂತಿದ್ದನ್ನು ನಾನಂತೂ ಕಂಡಿಲ್ಲ. ಇರಲಿ, ಷರತ್ತು ಷರತ್ತೇ.)

"ಡ್ರೈವಿಂಗ್ ನಂದು. ಆಮ್ಯಾಲ ಅವ್ವ. ನೀನು. ಓಣ್ಯಾಗಿನ ಡಾಕ್ಟರ್ ಸಾಹೇಬ್ರು. ಬೋರಿನ ಮೋಟರ್ ರಿಪೇರಿ ಮಾಡೂ ಇಸ್ಮಾಯಿಲ್, ನೀರು ಬೇಕಲ್ಲ. ಮತ್ತ ಬಾಲಗಾಂವದ ಮಾಳಪ್ಪ."

ಮಾಳಪ್ಪ ಕುರಿ ಕಾಯುವವನು, ಇವರ ಹಳೆಯ ಗೆಳೆಯ. ಅವನ ನಾಯಿ ಭಾಳ ಹುಷಾರು. ಅದನ್ನು ಏನು ಮಾಡುವುದು ಎಂದು ಪೂಜಾ ಕೇಳಿದಳು.

"ನಾಯಿ ತೊಡಿ ಮ್ಯಾಲ ಕುಂದರತೈತಿ" ಎಂದರು.

ನಾನು ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನಾಯಿಯೂ ಹತ್ತಿ ಕೂತಿತು. "ನಾ ಎಲ್ಲಿ ಕುಂದರಲ್ರಿ?" ಎಂದೆ.

ಅವರು ನನ್ನನ್ನು ನೋಡಿದರು. ಎಣಿಸಿದ ಬೆರಳು ನೋಡಿಕೊಂಡರು. "ನೀ ಹೆಂಗೂ ಇರತಿಯಲ್ಲ" ಎಂದರು.

ಎಲ್ಲಿ ಇರುತ್ತೇನೆ? ಜೀಪಿನ ಟಾಪಿನ ಮೇಲೋ? ರೊಟ್ಟಿಯ ಬುಟ್ಟಿಯೊಳಗೋ? ನನಗೆ ಸಿಟ್ಟು ಬಂತು. ಸುಳ್ಳೇಕೆ, ಸ್ವಲ್ಪ ಅಳುವೂ ಬಂತು. ಇಪ್ಪತ್ತು ವರ್ಷ ಸಂಸಾರ ಮಾಡಿದವಳು ನಾಯಿಯ ನಂತರವೂ ಲೆಕ್ಕಕ್ಕೆ ಬರಲಿಲ್ಲವಲ್ಲ.

ಅವರಿಗೂ ತಪ್ಪಾಯಿತು ಎನ್ನಿಸಿರಬೇಕು. "ಮಾಳಪ್ಪ ಬರಂಗಿಲ್ಲ ಅಂದ್ರ ಆ ಸೀಟ್ ನಿಂದು" ಎಂದು ಅಲ್ಲಿಯೇ ಫೋನ್ ಹಚ್ಚಿದರು. ಸ್ಪೀಕರ್ ಬೇರೆ ಹಾಕಿದರು. ಸತ್ತವರು ಎದ್ದು ಬಂದರೆ ನಮ್ಮ ಸಂಗಡ ಬರುತ್ತೀಯಾ ಎಂದು ಕೇಳಿದರೆ ಮಾಳಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ.

"ಅವರು ಕುರಿ ತಿಂತಾರೇನ್ರಿ?"

"ಇಲ್ಲ. ಬರೇ ಮನಷ್ಯಾರನ್ನ."

"ಹಂಗಾದ್ರ ಅಡ್ಡಿಯಿಲ್ಲ, ಬರತೀನಿ. ಆದ್ರ ನಮ್ಮಾಕಿನ್ನ ಬಿಟ್ಟು ಬರಂಗಿಲ್ರಿ. ನಾವು ಕುರಿ ಹೊಡಕೊಂಡು ಹೊಂಟಾಗ ಕುದರಿ ಮ್ಯಾಲ ಸಂಸಾರ ಎಲ್ಲಾ ಹೇರಕೊಂಡು ಹೋಗಾವ್ರು. ಮತ್ತ ನಾಯಿನೂ ಆಕಿ ಮಾತಷ್ಟ ಕೇಳತೈತಿ."

"ಹೌದಾ? ಹಂಗಿದ್ರ ಆಕಿನೂ ಬರಲಿ" ಎಂದುಬಿಟ್ಟರು ನಮ್ಮವರು. ಡಾಕ್ಟರ್ ಸಾಹೇಬರನ್ನು ಇಳಿಸಿ ಮಾಳಪ್ಪನ ಹೆಂಡತಿಯನ್ನು ಹತ್ತಿಸಿದರು. ನಾನಿನ್ನೂ ತಾಟು ಹಿಡಿದು ಬಾಗಿಲಲ್ಲೇ ಇದ್ದೆ.

ಅತ್ತೆ ಚಾಚಿದ ಕಾಲು ಮಡಚಿದರು. ಅವರು ಕಾಲು ಮಡಚಿದರೆ ಮನೆಯಲ್ಲಿ ಯಾರೂ ಉಸಿರೆತ್ತುವುದಿಲ್ಲ.

"ತಮ್ಮಾ, ನನ್ನನ್ನ ಇಳಸು. ಯಾವಾಕಿನ್ನೋ ಟಿವ್ಯಾಗ ಬಿಟ್ಟಹೋದ್ರಂತ ಊಟಕ್ಕೂ ಏಳಲಾರದ ಕುಂತಿದ್ದಿ. ಇಕಿನ್ನ ನೀನ ಬಿಟ್ಟ ಹೊಂಟಿ. ರೊಟ್ಟಿ ಯಾರ ಬಡೀತಾರು ಅಂತ ತಿಳೀಲಾರದವನ ಗಾಡ್ಯಾಗ ನಾ ಬರಂಗಿಲ್ಲ."

ಪೂಜಾ ಕೂಡ ಚುರಮುರಿ ತಾಟು ತೆಗೆದುಕೊಂಡು ಅಜ್ಜಿಯ ಪಕ್ಕಕ್ಕೆ ಸರಿದಳು. ನನಗೆ ಒಮ್ಮೆಲೇ ನಗು ಬಂತು. ನಾನು ಕೇಳದೆಯೇ ನನ್ನದೊಂದು ಟೀಮು ಆಗಿಬಿಟ್ಟಿತ್ತು. ನಮ್ಮವರು ಪಾಪ, ಇಸ್ಮಾಯಿಲ್, ಮಾಳಪ್ಪ, ಅವನ ಹೆಂಡತಿ ಮತ್ತು ನಾಯಿಯನ್ನು ಕಟ್ಟಿಕೊಂಡು ಬಯಲಿನಲ್ಲಿ ಉಳಿದರು.

ಅವರು ಕೆಟ್ಟವರಲ್ಲ, ಓದುಗರೇ. ನಾನಿಲ್ಲದ ಜೀಪು ಅವರ ತಲೆಗೇ ಬಂದಿರಲಿಲ್ಲ, ಅಷ್ಟೇ. ಅದನ್ನು ಪ್ರೀತಿ ಎಂದೂ ಅನ್ನಬಹುದು. ಆದರೆ ಅಂಥ ಪ್ರೀತಿಗೆ ಸೀಟು ಸಿಗುವುದಿಲ್ಲವಲ್ಲ, ಏನು ಮಾಡೋಣ? ಅನುಮಾನವಿದ್ದರೆ ಇವತ್ತು ನಿಮ್ಮ ಮನೆಯಲ್ಲೂ ಕೇಳಿ ನೋಡಿ. ಊಟ ಬಡಿಸುವ ಮೊದಲೇ ಕೇಳಿ.

ಸೋಮವಾರ ಬೆಳಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅಂಗಡಿಗೆ ಹೊರಟವರು ಅಂಗಳದಿಂದ ಕೂಗಿದರು: "ಏ ಇಕಿ, ಜೀಪಿನ ಕೀಲಿ ಎಲ್ಲೈತಿ?"

ಕೀಲಿ ನನ್ನ ಎದುರಿನ ಮೊಳೆಗೇ ತೂಗಾಡುತ್ತಿತ್ತು. "ಅದೂ ಹೆಂಗೂ ಇರತೈತಲ್ರಿ, ನೋಡಕೋರಿ" ಎಂದೆ.

ಅವರು ಸೋಫಾದ ಸಂದಿ ಹುಡುಕಿದರು, ಅಂಗಿಯ ಕಿಸೆ ಹುಡುಕಿದರು, ಫ್ರಿಜ್ಜಿನ ಮೇಲೆ ಹುಡುಕಿದರು. ಈಗ ನೀವೇ ಹೇಳಿ, ನಾಳೆ ಸತ್ತವರು ಎದ್ದು ಬಂದರೆ ಆ ಜೀಪು ನಮ್ಮ ಅಂಗಳವನ್ನಾದರೂ ದಾಟೀತೇ?