ಪ್ಯಾಕೆಟ್ ಸೋಕದ ಬೇರು

ಹೊಲದಲ್ಲೇ ನಿಂತು ಕಡ್ಲೆಕಾಯಿ ವ್ಯಾಪಾರ ಮಾಡುವ ನನಗೆ ರೈತರನ್ನು ಒಪ್ಪಿಸುವುದು ಹೊಸದಲ್ಲ. ಸಂಶೋಧನೆ ಮಾಡುತ್ತಿರುವ ತಂಗಿಯ ಮಗಳಿಗೆ ಕಡ್ಲೆಕಾಯಿ ಗಿಡದ ಬೇರಿನ ಗಂಟುಗಳು ಬೇಕಾಗಿದ್ದವು. ಐ.ಡಿ.ಹಳ್ಳಿ, ಕೊಳಾಲ, ಬರಗೂರು, ಪಾವಗಡದ ಹತ್ತಿರ ಒಂದು, ಹೀಗೆ ಬಿತ್ತನೆಗೆ ಮುಂಚೆಯೇ ನಾಲ್ಕು ಹೊಲ ಗೊತ್ತು ಮಾಡಿಕೊಟ್ಟೆ.

ಆ ಗಂಟುಗಳೊಳಗೆ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳ ಪುಟ್ಟ ಆರ್‌ಎನ್‌ಎಗಳು, ಯಾವ ಜೀನ್ ದುಡಿಯಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳಿ ಕಳಿಸುವ ಚೀಟಿಗಳಿದ್ದಂತೆ. ಒಂದೇ ಮೂಲದವು ಬೇರೆ ಬೇರೆ ಮಣ್ಣಿನಲ್ಲಿ ಎಷ್ಟೋ ಕಾಲ ಬಾಳಿದ ಮೇಲೂ ಯಾವ ಚೀಟಿ ಬದಲಾಗದೆ ಉಳಿದಿದೆಯೋ, ಅದಿಲ್ಲದೆ ಅವುಗಳ ಬದುಕು ನಡೆಯದು ಎಂದರ್ಥ. ಅವಳು ಹುಡುಕುತ್ತಿದ್ದುದು ಅದನ್ನೇ. ಈ ಬೆಳೆಯಲ್ಲಿ ಸಿಗದಿದ್ದರೆ ಅವಳ ಪಿಎಚ್.ಡಿ. ಅವಧಿಯೇ ಮುಗಿದುಹೋಗುತ್ತಿತ್ತು.

ಗಿಡ ಬೆಳೆದ ಮೇಲೆ ಇಬ್ಬರೂ ಮೊದಲು ಬರಗೂರಿಗೆ ಹೋದೆವು. ಕಿತ್ತರೆ ಬೇರಿನ ತುಂಬ ಗಂಟು. ರೈತ ಬೀಗುತ್ತ ನಿಂತಿದ್ದ.

“ವಿಜ್ಞಾನಿ ಬತ್ತಾರೆ ಅಂದ್ರಲ್ಲಕ್ಕ, ಗಂಟು ಜಾಸ್ತಿ ಕಟ್ಲಿ ಅಂತ ಬ್ಯಾಕ್ಟೀರಿಯಾ ಪ್ಯಾಕೆಟ್ಟು ತಂದು ಬೆಲ್ಲದ ನೀರಾಗೆ ಕಲ್ಸಿ ಬೀಜಕ್ಕೆ ಹಚ್ಬುಟ್ಟೆ.”

ನನಗೆ ಬೇಕಿದ್ದುದು ಮಣ್ಣಿನದು, ಅಂಗಡಿಯದಲ್ಲ ಎಂದು ಹುಡುಗಿ ಗಿಡವನ್ನು ಬದುವಿನ ಮೇಲೆ ಇಟ್ಟುಬಿಟ್ಟಳು. ಉಳಿದ ಮೂವರಿಗೂ ಫೋನ್ ಮಾಡಿದೆ. ಪುಣ್ಯಾತ್ಮರು, ಒಬ್ಬರಿಗೊಬ್ಬರು ಗೊತ್ತಿಲ್ಲದಿದ್ದರೂ ಅದನ್ನೇ ಮಾಡಿದ್ದರು. ನಾಲ್ಕೂ ಕಡೆ ಅಂಗಡಿಯ ಅದೇ ತಳಿ. ಹೋಲಿಸಿದರೆ ಎಲ್ಲ ಒಂದೇ ಥರ ಕಾಣದೆ ಇನ್ನೇನು? ಬೆಳೆ ಚೆನ್ನಾಗಿರಲಿ, ನನ್ನ ಮರ್ಯಾದೆ ಉಳಿಸಿ ಎಂದು ನಾಲ್ವರಿಗೂ ಹೇಳಿದ್ದವಳು ನಾನೇ. ಆದರೂ ಎದುರಿಗೆ ಸಿಕ್ಕ ಅವನನ್ನೇ ಬೈದೆ. ನೀವು ಯಾರಿಂದಾದರೂ ಮಾದರಿ ಕೇಳುವುದಿದ್ದರೆ, ಏನು ಮಾಡಬಾರದು ಎಂಬುದನ್ನು ಮೊದಲು ಹೇಳಿ.

ಮೇಕೆ ಮೇಯಿಸುತ್ತಿದ್ದ ಅವನ ತಾಯಿ ಹತ್ತಿರ ಬಂದರು.

“ಅವುನ್ನ ಯಾಕಮ್ಮ ಅಂಗೆ ಬೈತೀಯ? ಹೋದೊರ್ಸ ಉದುರಿದ ಕಾಯಿ ಆ ಕೆಳಗಿನ ಬೀಳು ಬಿಟ್ಟ ಹೊಲದಾಗೆ ಹುಟ್ಟವೆ. ಅವುಕ್ಕೆ ಯಾರು ಬೆಲ್ಲ ಹಚ್ಚಿದ್ರು?”

ಹೋದ ವರ್ಷ ಪ್ಯಾಕೆಟ್ ಬಳಸಿದ್ದರೇ ಎಂದು ಹುಡುಗಿ ಮೂರು ಸಲ ಕೇಳಿದಳು. ಅದರ ಮುಖ ಕಂಡಿದ್ದೇ ಈ ಸಲ ಎಂದರು. ಆದರೆ ಆ ಗಿಡಗಳನ್ನು ಮೇಕೆಗೆಂದು ಬಿಟ್ಟಿದ್ದರಂತೆ. ಚೌಕಾಸಿ ಮಾಡಿ, ಅವುಗಳ ಬದಲಿಗೆ ಮೇವಿಗೆ ಒಂದು ಗಾಡಿ ಒಣಬಳ್ಳಿ ಕೇಳಿದವರನ್ನು ಎರಡು ಹೊರೆಗೆ ಇಳಿಸಿದೆ. ಕಿತ್ತರೆ ಬಡಕಲು ಬೇರು, ನಾಲ್ಕಾರು ಗಂಟು. ಸೀಳಿದರೆ ಒಳಗೆ ಗುಲಾಬಿ ಬಣ್ಣ. ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿವೆ ಎಂದಳು ಹುಡುಗಿ.

ಒಂದೇ ಊರಿನದಾದರೆ ಹೋಲಿಸುವುದೇನನ್ನು? ತಾನಾಗಿ ಹುಟ್ಟಿದ ಗಿಡ ಹುಡುಕಿಡಿ ಎಂದು ಮಿಕ್ಕ ಮೂವರಿಗೂ ಫೋನಿನಲ್ಲಿ ಹೇಳಿದೆ. ಹೋದ ವರ್ಷ ಅವರೂ ಪ್ಯಾಕೆಟ್ ಬಳಸಿರಲಿಲ್ಲ. ಸ್ವಲ್ಪ ಹೊತ್ತಿಗೇ ಪಾವಗಡದವನು ಫೋನ್ ಮಾಡಿದ, ಅವನಿಗೆ ಆಗಲೇ ಸಿಕ್ಕಿದ್ದವು.

“ಶಾನೆ ಸೊರಗವೆ ಅಕ್ಕಾ. ಒಸಿ ಗೊಬ್ಬರ ಹಾಕಿಡ್ಲಾ?”

ಮುಟ್ಟಬೇಡ ಎಂದು ಫೋನಿನಲ್ಲಿ ಹೇಳುತ್ತಲೇ ಹುಡುಗಿಯ ಕೈ ಹಿಡಿದು ಪಾವಗಡದ ಬಸ್ಸಿಗೆ ಓಡಿದೆ.