ಚಿತ್ತಾರಕ್ಕೆ ಅಜ್ಜಿ ಹೇಳಿದ ಬೆಲೆ

ನನ್ನ ಸೊಸೆಯ ಗೆಳತಿಯೊಬ್ಬಳು ಧಾರವಾಡದಲ್ಲಿ ಓದುತ್ತಾಳೆ, ಅಲ್ಲಿಯ ಕನ್ನಡವನ್ನೂ ಕಲಿತಿದ್ದಾಳೆ. ಅವಳ ಊರು ವನುವಾಟು, ಪೆಸಿಫಿಕ್ ಸಾಗರದಲ್ಲಿ ನಾನು ಹುಟ್ಟಿದ ಮೇಲೆ ಸ್ವತಂತ್ರವಾದ, ವಯಸ್ಸಿನಲ್ಲಿ ನನಗಿಂತ ಚಿಕ್ಕದಾದ ದ್ವೀಪದೇಶ. ಬೈಲಹೊಂಗಲದ ನಮ್ಮ ಮನೆಗೆ ಅವಳು ಬಂದಾಗ ನಾನು ಕೌದಿ ಹೊಲಿಯುತ್ತಿದ್ದೆ. ಯಾವ ತುಂಡು ಯಾರ ಸೀರೆಯದೆಂದು ಬರೆದಿಟ್ಟು ಹೊಲಿಯುವ ಕೌದಿ ಅದು. ಅವಳ ಕೈಯಲ್ಲಿ ಮೊಬೈಲು ಕಂಡೊಡನೆ ಮಡಚಿಟ್ಟೆ. ಹಿಂದೊಮ್ಮೆ ಫೋಟೊ ತೆಗೆದುಕೊಂಡು ಹೋದವರು ನಮ್ಮ ಅತ್ತೆಯ ಕೌದಿಯನ್ನು ಚಾದರದ ಮೇಲೆ ಅಚ್ಚು ಹಾಕಿಸಿ ಮಾರಿದ್ದರು ಎಂದು ಅವಳಿಗೆ ಹೇಳಿದೆ.

“ನಾ ಫೋಟೊ ತೆಗೆಯಂಗಿಲ್ರಿ ಅಮ್ಮಾರ. ನಮ್ಮೂರಾಗ ಹೆಣಿಯೋ ಚಾಪಿಗೂ ಹಂಗ ಆಗೇತಿ. ಈಗ ಅದರ ಚಿತ್ತಾರ ಪ್ಲಾಸ್ಟಿಕ್ ಮ್ಯಾಲ ಬರತಾವ್ರಿ,” ಎಂದಳು.

ನಾನು ನಂಬಲಿಲ್ಲ. ಆದರೆ ಅವಳ ಹೆಣೆದ ಚೀಲದ ಕೆಂಪು ಚಿತ್ತಾರ ಕಣ್ಣಿಗೆ ಬಿತ್ತು.

“ಈ ಚಿತ್ತಾರಾನ ನನ್ನ ಕೌದಿ ಮೂಲಿಗೆ ಹೊಲಕೊಳ್ಳಲೇನವಾ?”

ಅವಳು ಚೀಲವನ್ನು ಬೆನ್ನ ಹಿಂದೆ ಸರಿಸಿದಳು. “ಅದು ನಮ್ಮ ಮನಿತನದ್ದರಿ. ಅಜ್ಜಿನ್ನ ಕೇಳಬೇಕು.”

ಫೋನು ಹಚ್ಚಿದಳು. ನಾನು ಅವಳನ್ನು ಅನುಮಾನದಿಂದ ನೋಡಿದಂತೆಯೇ ಅವಳ ಅಜ್ಜಿ ಪರದೆಯಿಂದ ನನ್ನನ್ನು ನೋಡಿದಳು. ಅವರ ಭಾಷೆಯಲ್ಲಿ ಏನೋ ಹೇಳಿದಳು.

“ಹೊಲಕೋರಿ ಅಂತಾಳ. ಅದಕ್ಕ ಒಂದು ಹಂದಿ ಕೊಡಬೇಕಂತ. ನಮ್ಮಲ್ಲಿ ಅದ ಪದ್ಧತಿರಿ.”

ಆ ಮಾತು ಅಜ್ಜಿಯದೋ ಹುಡುಗಿಯದೋ ಎಂದು ನನಗೆ ಇಂದಿಗೂ ಅನುಮಾನ. ನಮ್ಮ ಮನೆಯ ಹೊಸ್ತಿಲನ್ನು ತತ್ತಿ ಕೂಡ ದಾಟಿಲ್ಲ. ಆದರೂ ಸಂತೆಗೆ ಹೊರಟವರ ಬಳಿ ಹಂದಿಯ ಧಾರಣೆ ವಿಚಾರಿಸಿದ್ದೇನೆ.